‘ಪಿಕ್ ಮಿ ಅಪ್’ ಸರಿ, ‘ಪಿಕ್ ಅಪ್ ಮಿ’ ಏಕೆ ತಪ್ಪು?

ಪ್ರಶ್ನೆ: ನಾನು ದಿನವೂ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುತ್ತೇನೆ. ಮೊನ್ನೆ ಸಹೋದ್ಯೋಗಿಯೊಬ್ಬರಿಗೆ ‘ಪ್ಲೀಸ್ ಪಿಕ್ ಅಪ್ ಮಿ ಅಟ್ ಕೊಟ್ಟಾರ ಚೌಕಿ’ ಎಂದು ಮೆಸೇಜ್ ಕಳುಹಿಸಿದಾಗ, ‘ಪಿಕ್ ಮಿ ಅಪ್’ ಎಂದಾಗಬೇಕೆಂದು ಅವರು ತಿದ್ದಿದರು. ಹಾಗಿದ್ದರೆ ‘ವೇಟ್ ಫಾರ್ ಮಿ’ ಎಂಬುದು ‘ವೇಟ್ ಮಿ ಫಾರ್’ ಎಂದೇಕೆ ಆಗುವುದಿಲ್ಲ?
– ಓದುಗರು, ಉಡುಪಿ

ಉತ್ತರ: ತರಗತಿಯಲ್ಲಿ ನಾನು ಅತಿ ಹೆಚ್ಚು ಸಲ ಎದುರಿಸಿದ ತೊಡಕು ಇದೇ. ಕನ್ನಡದಲ್ಲಿ ‘ನನಗೆ’, ‘ನನ್ನಿಂದ’ ಎಂದು ವಿಭಕ್ತಿ ಪ್ರತ್ಯಯವು ಸರ್ವನಾಮಕ್ಕೇ ಅಂಟಿಕೊಳ್ಳುತ್ತದೆ. ತುಳುವಿನ ‘ಎಂಕ್’ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವ ಸಣ್ಣ ಪದ ಬೇರೆಯಾಗಿ ನಿಲ್ಲುವುದರಿಂದ, ಅದು ಕ್ರಿಯಾಪದದ ಕಡೆಯದೋ ಸರ್ವನಾಮದ ಕಡೆಯದೋ ಎಂಬುದನ್ನು ನಾವೇ ಗುರುತಿಸಬೇಕಾಗುತ್ತದೆ.

‘ವೇಟ್ ಫಾರ್ ಮಿ’ ಎಂಬಲ್ಲಿ ‘ಫಾರ್’ ಪ್ರಿಪೊಸಿಷನ್, ಅಂದರೆ ನಮ್ಮ ವಿಭಕ್ತಿ ಪ್ರತ್ಯಯದ ಕೆಲಸ ಮಾಡುವ ಪದ. ಅದು ‘ಮಿ’ಯ ಕಡೆಯದು, ಆದ್ದರಿಂದ ‘ಮಿ’ಗಿಂತ ಮೊದಲೇ ಬರಬೇಕು. ‘ಪಿಕ್ ಅಪ್’ನಲ್ಲಿರುವ ‘ಅಪ್’ ಕ್ರಿಯಾಪದದ ಅರ್ಥವನ್ನೇ ಬದಲಿಸುವ ಪದ. ನಾಮಪದವಾದರೆ ‘ಪಿಕ್ ಅಪ್ ಮೈ ಮದರ್’, ‘ಪಿಕ್ ಮೈ ಮದರ್ ಅಪ್’ ಎರಡೂ ಸರಿ. ಸರ್ವನಾಮವಾದರೆ ನಡುವೆಯೇ ಬರಬೇಕು. ಇದಕ್ಕೆ ಕಾರಣ ಉಚ್ಚಾರದಲ್ಲಿದೆ ಎಂಬುದು ನನ್ನ ತಿಳಿವಳಿಕೆ: ಇಂಗ್ಲಿಷ್ ವಾಕ್ಯದ ಒತ್ತು ಸಾಮಾನ್ಯವಾಗಿ ಕೊನೆಗೆ ಬೀಳುತ್ತದೆ, ಕೇಳುಗನಿಗೆ ಆಗಲೇ ಗೊತ್ತಿರುವ ವ್ಯಕ್ತಿಯನ್ನೋ ವಸ್ತುವನ್ನೋ ಸೂಚಿಸುವ ‘ಮಿ’, ‘ಇಟ್’ಗಳಿಗೆ ಆ ಒತ್ತು ಬೇಕಿಲ್ಲ, ‘ಅಪ್’ಗೆ ಬೇಕು. ಎರಡು ವಾಕ್ಯಗಳನ್ನೂ ಗಟ್ಟಿಯಾಗಿ ಹೇಳಿ ನೋಡಿ: ‘ಪಿಕ್ ಮಿ ಅಪ್’ ಎನ್ನುವಾಗ ‘ಅಪ್’ ಎದ್ದು ಕೇಳಿಸುತ್ತದೆ, ‘ವೇಟ್ ಫಾರ್ ಮಿ’ ಎನ್ನುವಾಗ ‘ಫಾರ್’ ಸವೆದು ‘ಫ’ದಷ್ಟೇ ಉಳಿಯುತ್ತದೆ.

ಪದದ ರೂಪ ನೋಡಿ ತೀರ್ಮಾನಿಸಲು ಹೋದರೆ ಮೋಸಹೋಗುತ್ತೀರಿ. ಹೆಲ್ಮೆಟ್ ಹಾಕಿಕೊಳ್ಳಲು ಹೇಳುವಾಗ ‘ಪುಟ್ ಇಟ್ ಆನ್’. ಬಸ್ಸು ಹತ್ತಲು ಹೇಳುವಾಗ ‘ಗೆಟ್ ಆನ್ ಇಟ್’. ‘ಆನ್’ ಒಂದೇ, ನಂಟು ಬೇರೆ. ನಿಘಂಟಿನಲ್ಲಿ ಪದ ಹುಡುಕುವುದಕ್ಕೆ ‘ಲುಕ್ ಅಪ್’ ಎನ್ನುತ್ತಾರಲ್ಲ, 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆರೆಯುವವರಿಗೂ ‘ಲುಕ್ ಇಟ್ ಅಪ್ ಇನ್ ಕಿಟೆಲ್’ ಎಂದೇ ಹೇಳಬೇಕು. ‘ಪುಟ್ ಅಪ್ ವಿದ್ ಇಟ್’ (ಅದನ್ನು ಸಹಿಸಿಕೊ) ಎಂಬಂಥ ಮೂರು ಪದಗಳ ಜೋಡಣೆಯಲ್ಲಿ ಕೊನೆಯದು ಪ್ರಿಪೊಸಿಷನ್ ಆದ್ದರಿಂದ ಸರ್ವನಾಮ ಅದರ ನಂತರವೇ ಬರುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತು ಸೇರಿಸುತ್ತೇನೆ, ಏಕೆಂದರೆ ಕಚೇರಿಯ ಪತ್ರಗಳಲ್ಲಿ ಈ ತಪ್ಪು ಬಹಳವಾಗಿ ಕಾಣುತ್ತದೆ. ‘ನನಗೆ ವಿವರಿಸಿ’ ಎಂಬ ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು ‘ಎಕ್ಸ್‌ಪ್ಲೇನ್ ಮಿ’ ಎಂದೂ, ‘ಅದರ ಬಗ್ಗೆ ಚರ್ಚಿಸೋಣ’ ಎಂಬುದನ್ನು ಇಟ್ಟುಕೊಂಡು ‘ಡಿಸ್ಕಸ್ ಅಬೌಟ್ ಇಟ್’ ಎಂದೂ ಬರೆಯುತ್ತೇವೆ. ಮೊದಲನೆಯದರಲ್ಲಿ ‘ಟು’ ಬೇಕು, ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ಎರಡನೆಯದರಲ್ಲಿ ‘ಅಬೌಟ್’ ಬೇಡ, ‘ಡಿಸ್ಕಸ್ ಇಟ್’ ಸಾಕು. ಇವುಗಳಿಗೆ ನಿಯಮವಿಲ್ಲ, ಕ್ರಿಯಾಪದವನ್ನು ಕಲಿಯುವಾಗಲೇ ಒಂದು ಪೂರ್ತಿ ವಾಕ್ಯದೊಂದಿಗೆ ಬರೆದಿಟ್ಟುಕೊಳ್ಳಿ.