ಮೋಟರ್‌ನಿಂದ ತಿರುಗುವ ಟಿವಿ ಡಿಶ್‌ಗೆ ಮಧ್ಯದ ಉಪಗ್ರಹ ಸಿಗುತ್ತೆ, ಪೂರ್ವ-ಪಶ್ಚಿಮದ ತುದಿಯವು ಸಿಗಲ್ಲ. ಮನೆಯಲ್ಲೇ ಸರಿ ಮಾಡಬಹುದಾ?

ಮಾಡಬಹುದು. ಮೊದಲು ಡಿಶ್ ಮುಟ್ಟಬೇಡಿ, ಕಂಬ ನೋಡಿ. ರಸಮಟ್ಟವನ್ನು ಕಂಬದ ಎರಡು ಬದಿಗೆ, ಒಂದಕ್ಕೊಂದು ಅಡ್ಡವಾಗಿ ಇಟ್ಟು ನೋಡಿ. ಕಂಬ ಒಂದು ಡಿಗ್ರಿ ವಾಲಿದ್ದರೂ ಮುಂದಿನದೆಲ್ಲ ಸುಮ್ನೆ ಒದ್ದಾಟ.

ಆಮೇಲೆ ನಿಖರ ದಕ್ಷಿಣ. ತಾರಸಿಯ ಕಬ್ಬಿಣದ ಸರಳುಗಳ ಹತ್ತಿರ ಮೊಬೈಲ್ ದಿಕ್ಸೂಚಿ ನಂಬಬೇಡಿ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅತಿ ಚಿಕ್ಕದಾದಾಗ ಗೆರೆ ಎಳೆಯಿರಿ, ಅದೇ ಉತ್ತರ-ದಕ್ಷಿಣ. ಬೆಂಗಳೂರಲ್ಲಿ ಇದು 12 ಗಂಟೆಗಲ್ಲ, ಸುಮಾರು 12.20ರ ಆಚೀಚೆ. ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿಗೇ ಬರೋದರಿಂದ ನೆರಳೇ ಇರಲ್ಲ, ಆಗ ಬೇಡ.

ಮೋಟರ್ ಸೊನ್ನೆಯಲ್ಲಿರಲಿ, ಆ ಗೆರೆಯ ನೇರಕ್ಕೆ ದಕ್ಷಿಣಕ್ಕೆ ಮುಖ ಮಾಡಿರಲಿ. ಬೆಂಗಳೂರಾದರೆ ಅದರ ಅಕ್ಷಾಂಶದ ಸ್ಕೇಲ್ 13ಕ್ಕೆ ಇಡಿ. ರಿಸೀವರ್‌ನ ಯುಸಾಲ್ಸ್‌ನಲ್ಲಿ (ಊರಿನ ಅಕ್ಷಾಂಶ-ರೇಖಾಂಶ ಕೊಟ್ಟರೆ ಮೋಟರ್ ಎಷ್ಟು ತಿರುಗಬೇಕೆಂದು ತಾನೇ ಲೆಕ್ಕ ಹಾಕುವ ಸೆಟ್ಟಿಂಗ್) 12.97 ಉತ್ತರ, 77.6 ಪೂರ್ವ ತುಂಬಿಸಿ. ಮಧ್ಯದ ಉಪಗ್ರಹದಲ್ಲಿ ಡಿಶ್ ಮೇಲೆ-ಕೆಳಗೆ ಬಾಗುವ ಕೋನ ಮಾತ್ರ ಹೊಂದಿಸಿ.

ಈಗ ಡಿಡಿ ಫ್ರೀ ಡಿಶ್ ಇರುವ 93.5 ಡಿಗ್ರಿ ಪೂರ್ವಕ್ಕೆ ಕಳಿಸಿ, ಡಿಶ್‌ನ ಅಂಚು ಹಿಡಿದು ಮೆಲ್ಲಗೆ ಎತ್ತಿ. ಎತ್ತಿದಾಗ ಸಿಗ್ನಲ್ ಜಾಸ್ತಿಯಾಗುತ್ತಾ? ಪಶ್ಚಿಮದ ತುದಿಯಲ್ಲಿ ತಗ್ಗಿಸಿದಾಗ ಜಾಸ್ತಿಯಾಗುತ್ತಾ? ಹಾಗಿದ್ದರೆ ಇಡೀ ಮೋಟರ್ ಪಶ್ಚಿಮಕ್ಕೆ ತಿರುಗಿ ಕೂತಿದೆ. ಕಂಬದ ಕ್ಲಾಂಪ್ ಸಡಿಲಿಸಿ ಕೂದಲೆಳೆಯಷ್ಟು ಪೂರ್ವಕ್ಕೆ ತಿರುಗಿಸಿ. ಉಲ್ಟಾ ಆದರೆ ಪಶ್ಚಿಮಕ್ಕೆ. ನಟ್ ಬಿಗಿ ಮಾಡುವಾಗ ಡಿಶ್ ಜರುಗುತ್ತೆ, ಬಿಗಿ ಮಾಡಿದ ಮೇಲೂ ಸಿಗ್ನಲ್ ನೋಡಿ.