ರೇಸ್ ಹ್ಯಾಂಡ್‌ಸೈಕಲ್: ಪೈಪ್ ಕೊಳ್ಳುವ ಮೊದಲು

ಸೊಂಟದ ಕೆಳಗೆ ಸ್ವಾಧೀನವಿಲ್ಲದ ತಮ್ಮನಿಗೆ ರೇಸಿನ ಹ್ಯಾಂಡ್‌ಸೈಕಲ್ (ಕೈಯಿಂದ ತಿರುಗಿಸಿ ಓಡಿಸುವ ಮೂರು ಚಕ್ರದ ಸೈಕಲ್) ನಾವೇ ಮಾಡಬಹುದೇ, ಯಾವ ಪೈಪ್ ತರಲಿ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಪೈಪ್ ಮಾತ್ರ ಈಗಲೇ ತರಬೇಡಿ.

ನನ್ನ ಗೆಳೆಯನಿಗೆ ಮಾಡುವಾಗ ಮೊದಲ ಆರು ವಾರ ಪ್ಲೈವುಡ್ಡು, ತೂತಿನ ಆ್ಯಂಗಲ್ಲುಗಳಲ್ಲೇ ಕಳೆದೆವು. ಬೆನ್ನೊರಗು, ಕ್ರ್ಯಾಂಕ್ (ಕೈಯಿಂದ ತಿರುಗಿಸುವ ಪೆಡಲು), ಕಾಲಿಡುವ ಜಾಗ ಮೂರನ್ನೂ ಹಿಂದೆ ಮುಂದೆ ಸರಿಸಲು ಬರುವ ಚೌಕಟ್ಟು ಅದು. ಅವನನ್ನು ಅದರಲ್ಲಿ ಒರಗಿಸಿ, ಕ್ರ್ಯಾಂಕ್ ತಿರುಗಿಸಲು ಹೇಳಿ, ಪಕ್ಕದಿಂದ ವಿಡಿಯೊ ತೆಗೆದೆವು. ಕೈ ಅತಿ ದೂರ ಹೋದಾಗಲೂ ಮೊಣಕೈ ಸ್ವಲ್ಪ ಮಡಚಿರಬೇಕು, ಭುಜ ಒರಗಿನಿಂದ ಏಳಬಾರದು. ಕ್ರ್ಯಾಂಕನ್ನು ಎರಡು ಸೆಂಟಿಮೀಟರ್ ಹತ್ತಿರ ತಂದದ್ದಕ್ಕೇ ಅವನ ಭುಜದ ನೋವು ಇಳಿಯಿತು. ವೀಲ್‌ಚೇರ್ ತಳ್ಳುವುದು, ಹಾಸಿಗೆಯಿಂದ ಕುರ್ಚಿಗೆ ದಾಟುವುದು ಎಲ್ಲಕ್ಕೂ ಇದೇ ಭುಜ ತಾನೆ.

ಒಂದು ದಿನ ಅರ್ಧ ಗಂಟೆ ತಿರುಗಿಸಿ ಇಳಿದವನ ಬೆನ್ನಿನ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಕೆಂಪು. ಬೆರಳಿಂದ ಒತ್ತಿದರೂ ಬಿಳುಚಲಿಲ್ಲ, ಒತ್ತಡದ ಹುಣ್ಣು ಶುರುವಾಗುವ ಲಕ್ಷಣ ಅದು. ಫೋಮಿನಡಿ ಬೋಲ್ಟಿನ ತಲೆಯೊಂದು ಉಳಿದಿತ್ತು; ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ವಾಸಿಯಾಗುವವರೆಗೂ ಕೆಲಸ ನಿಲ್ಲಿಸಿದೆವು. ಪ್ರತಿ ಸಲ ಇಳಿದ ಕೂಡಲೇ ಚರ್ಮ ನೋಡಿ. ಪಾದ ಜಾರಿ ಚಕ್ರಕ್ಕೆ ಸಿಕ್ಕರೂ ತಿಳಿಯದು, ಹಿಮ್ಮಡಿ, ಮೀನಖಂಡ ಎರಡಕ್ಕೂ ಪಟ್ಟಿ ಹಾಕಿ.

ಲಂಡನ್ 2012ರ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಇಟಲಿಯ ಅಲೆಕ್ಸ್ ಝನಾರ್ಡಿಯ ವಿಡಿಯೊ ನೋಡಿ ಮಂಡಿಯೂರುವ ಮಾದರಿಗೆ ಮನಸೋಲಬೇಡಿ. ಕಾಲು ಕಳೆದುಕೊಂಡಿದ್ದರೂ ಅವರ ನಡುವಿನ ಬಲ ಹಾಗೇ ಇತ್ತು. ದೇಹದ ಸಾಮರ್ಥ್ಯ ನೋಡಿ ರೇಸಿನವರನ್ನು ವಿಂಗಡಿಸುವ ಇಂದಿನ ವರ್ಗೀಕರಣದಲ್ಲಿ ಎಚ್5 ಮಾತ್ರ ಮಂಡಿಯೂರುವವರದು, ಎಚ್1ರಿಂದ ಎಚ್4 ಒರಗಿ ಓಡಿಸುವವರದು.

ಎರಡೂ ಕೈ ಒಟ್ಟಿಗೇ ತಿರುಗಬೇಕು. ಕ್ರ್ಯಾಂಕ್ ಇರುವುದು ಮುಂದಿನ ಫೋರ್ಕಿನ ಮೇಲೆ. ಒಂದಾದ ಮೇಲೊಂದು ತಳ್ಳಿದರೆ ಚಕ್ರ ಎಡಬಲಕ್ಕೆ ಎಳೆಯುತ್ತದೆ. ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮದಂತೆ ಉದ್ದ 250, ಅಗಲ 75 ಸೆಂಟಿಮೀಟರ್ ಮೀರಬಾರದು.

ಮೊದಲ ಫ್ರೇಮಿಗೆ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ) ಸ್ಟೀಲೇ ಇರಲಿ. 6061 ಅಲ್ಯುಮಿನಿಯಂ ವೆಲ್ಡ್ ಮಾಡಿದಲ್ಲಿ ಮೆತ್ತಗಾಗಿ ಮತ್ತೆ ಹೀಟ್ ಟ್ರೀಟ್‌ಮೆಂಟ್ ಕೇಳುತ್ತದೆ. ನಮ್ಮದು ಮೊದಲ ಏರಿನಲ್ಲೇ, ಕ್ರ್ಯಾಂಕಿನಿಂದ ತಿರುಗುವ ಮುಂದಿನ ಚಕ್ರ ಜಾರಿ ನಿಂತಿತು, ಭಾರವೆಲ್ಲ ಹಿಂದಿತ್ತು. ಫ್ರೇಮ್ ಕತ್ತರಿಸಿ, ಮುಂದಿನ ಚಕ್ರದ ಮೇಲೆ ಹೆಚ್ಚು ಭಾರ ಬೀಳಲೆಂದು ಹಿಂದಿನ ಚಕ್ರಗಳನ್ನು ಇನ್ನಷ್ಟು ಹಿಂದಕ್ಕೆ ಬೆಸೆದೆವು. ಮರುದಿನ ಅದೇ ಏರು ಹತ್ತಿದ.

ತಮ್ಮನ ಗಾಯ ಬೆನ್ನುಮೂಳೆಯ ಯಾವ ಮಟ್ಟದಲ್ಲಿದೆ, ಭುಜದ ಅಗಲ ಎಷ್ಟು, ತಿಳಿಸಿ. ಚೌಕಟ್ಟಿನ ಅಳತೆ ಬರೆದು ಕಳಿಸುತ್ತೇನೆ.