ಸಂಬಳವಿಲ್ಲದ ಕೆಲಸವೂ ರೆಬೆಕಾ ಗ್ರಾಟ್ಸ್ ಅವರ ಊರೂ

ನಮಸ್ಕಾರ. ಅಮೆರಿಕದಲ್ಲಿ ಕೆಲಸಕ್ಕಿರುವವರ ಕುಟುಂಬಕ್ಕೆ ಕೊಡುವ, ಸಾಮಾನ್ಯವಾಗಿ ಸಂಬಳದ ಕೆಲಸಕ್ಕೆ ಅವಕಾಶವಿಲ್ಲದ ಎಚ್-4 ವೀಸಾದಲ್ಲಿ ಫಿಲಡೆಲ್ಫಿಯಾಕ್ಕೆ ಬಂದಿರುವ ನಿಮ್ಮನ್ನು ಪಕ್ಕದ ಮನೆಯ ಯಹೂದಿ ಮಹಿಳೆ ಭಾನುವಾರ ಬೆಳಿಗ್ಗೆ ಬಡವರಿಗೆ ಹಂಚುವ ದಿನಸಿ ಪೆಟ್ಟಿಗೆಗಳನ್ನು ತುಂಬಲು ಕರೆದಿದ್ದಾರೆಂದೂ, ಊರಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಬಂದ ತಮಗೆ ಸಂಬಳವಿಲ್ಲದ ಇಂಥ ದುಡಿಮೆಯಿಂದ ಏನು ಪ್ರಯೋಜನವೆಂದೂ, ಬೇರೆ ಮತದವರ ಸಂಘದಲ್ಲಿ ತಮ್ಮನ್ನು ಯಾರು ಲೆಕ್ಕಿಸುತ್ತಾರೆಂದೂ ಕೇಳಿದ್ದೀರಿ. ಹೋಗಿ ಎಂಬುದೇ ನನ್ನ ಉತ್ತರ. ಆದರೆ ಈ ಊರಿನಲ್ಲಿ ಆ ಕೆಲಸಕ್ಕಿರುವ ಹಿನ್ನೆಲೆಯನ್ನು ತಿಳಿದು ಹೋಗಿ.

ಫಿಲಡೆಲ್ಫಿಯಾದಲ್ಲಿ ಇಂಥ ಸಂಘಗಳನ್ನು ಕಟ್ಟಿದ ರೆಬೆಕಾ ಗ್ರಾಟ್ಸ್ 1781ರಲ್ಲಿ, ಯುರೋಪಿನಿಂದ ವಲಸೆ ಬಂದ ಯಹೂದಿ ವರ್ತಕನೊಬ್ಬನ ಮಗಳಾಗಿ ಹುಟ್ಟಿದವರು. 1801ರಲ್ಲಿ, ಇನ್ನೂ 20ರ ವಯಸ್ಸಿನಲ್ಲಿ, ನಗರದ ಯಹೂದಿ ಮತ್ತು ಕ್ರೈಸ್ತ ಮಹಿಳೆಯರೊಡನೆ ಸೇರಿ, ಬಾಳಿ ಬಡವಾದ ಮನೆಗಳ ಹೆಂಗಸರಿಗೂ ಮಕ್ಕಳಿಗೂ ನೆರವಾಗುವ ಸಂಘವನ್ನು ಅವರು ಕಟ್ಟಿದರು. 1815ರಲ್ಲಿ ಎಲ್ಲ ಮತದವರೂ ಕೂಡಿ ಆರಂಭಿಸಿದ ಅನಾಥಾಲಯಕ್ಕೆ ಅವರು ಸುಮಾರು 40 ವರ್ಷ ಕಾರ್ಯದರ್ಶಿಯಾಗಿದ್ದರು. ನನಗೆ ಅವರ ಬಗ್ಗೆ ಗೌರವ ಮೂಡಿದ್ದು ಈ ಕಾರ್ಯದರ್ಶಿ ಪದವಿಯಿಂದಲೇ: ನಡಾವಳಿ ಬರೆಯುವುದು, ವರದಿ ಸಿದ್ಧಪಡಿಸುವುದು, ದಾನಿಗಳಿಗೆ ಪತ್ರ ಹಾಕುವುದು, ಇವು ಯಾರ ಕಣ್ಣಿಗೂ ಬೀಳದ, ಆದರೆ ಸಂಸ್ಥೆಯನ್ನು ಉಳಿಸುವ ಕೆಲಸಗಳು.

ಆ ಕಾಲದ ದತ್ತಿಸಂಸ್ಥೆಗಳಲ್ಲಿ ಅನ್ನದ ಜೊತೆಗೆ ಕ್ರೈಸ್ತ ಉಪದೇಶವೂ ಬರುತ್ತಿತ್ತು. ಆದ್ದರಿಂದ ಬಡ ಯಹೂದಿ ಕುಟುಂಬಗಳು ಹಸಿವಿಗಾಗಿ ಮತ ಬಿಡಬೇಕಾಗಬಾರದೆಂದು 1819ರಲ್ಲಿ ಗ್ರಾಟ್ಸ್ ಮತ್ತು ಅವರ ಪ್ರಾರ್ಥನಾಮಂದಿರವಾದ ಸಿನಗಾಗ್‌ನ ಮಹಿಳೆಯರು ಸ್ವಂತ ನೆರವಿನ ಸಂಘ ಸ್ಥಾಪಿಸಿದರು. ಸಿನಗಾಗ್‌ನ ಆಡಳಿತಕ್ಕೆ ಒಳಪಡದೆ ಹುಟ್ಟಿದ ಆ ಸಂಘ 200 ವರ್ಷ ದಾಟಿ ಬಾಳಿದೆ. ಇದನ್ನು ಸಂಕುಚಿತ ಬುದ್ಧಿ ಎನ್ನುವವರುಂಟು. ಅದೇ ವರ್ಷಗಳಲ್ಲಿ ಅವರು ಸರ್ವಮತದ ಅನಾಥಾಲಯವನ್ನೂ ಬಿಡದೆ ನಡೆಸಿದ್ದನ್ನು ನೋಡಿದರೆ ನಾನು ಆ ಮಾತನ್ನು ಒಪ್ಪಲಾರೆ. 1838ರಲ್ಲಿ ಅವರು ಹೀಬ್ರೂ ಭಾನುವಾರದ ಶಾಲೆ ತೆರೆದಾಗ ಯಹೂದಿ ಮಕ್ಕಳಿಗೆ ತಕ್ಕ ಇಂಗ್ಲಿಷ್ ಪಠ್ಯಗಳೇ ಇರಲಿಲ್ಲ. ಕ್ರೈಸ್ತ ಪಾಠಪುಸ್ತಕಗಳನ್ನು ತಂದು, ಒಪ್ಪದ ಸಾಲುಗಳ ಮೇಲೆ ಕಾಗದದ ಚೂರು ಅಂಟಿಸಿ ಕಲಿಸಿದರಂತೆ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಉಚಿತವಾಗಿದ್ದ ಆ ಶಾಲೆಯ ಶಿಕ್ಷಕರೆಲ್ಲ ಮಹಿಳೆಯರು, ಅವರೂ ಸಂಬಳವಿಲ್ಲದೆ ದುಡಿದವರು. ಗ್ರಾಟ್ಸ್ ಮದುವೆಯಾಗಲಿಲ್ಲ, ಹಾಗೆಂದು ಬಿಡುವಾಗಿದ್ದರೆಂದು ತಿಳಿಯಬೇಡಿ; 1823ರಲ್ಲಿ ತೀರಿಕೊಂಡ ತಂಗಿಯ ಮಕ್ಕಳನ್ನು ಸಾಕಿದವರೂ ಅವರೇ.

ನಿಮ್ಮ ನೆರೆಯವರು ಈ ಪರಂಪರೆಯಲ್ಲಿ ಬಂದವರು. ಅವರ ಸಂಘದಲ್ಲಿ ಸ್ವಯಂಸೇವಕಿ ಎಂದರೆ ಬಿಡುವಿದ್ದಾಗ ಬಂದು ಹೋಗುವವರಲ್ಲ. ಒಪ್ಪಿದ ದಿನ ತಪ್ಪಿಸಿದರೆ ಕಚೇರಿಗೆ ಹೇಳದೆ ಗೈರಾದಂತೆಯೇ ಕಾಣುತ್ತಾರೆ. ನಮ್ಮ ಕನ್ನಡ ಕೂಟಗಳಲ್ಲಿ ಯುಗಾದಿ ಊಟದ ಹೊತ್ತಿಗೆ ಎಲ್ಲರೂ ಇದ್ದು ಪಾತ್ರೆ ತೊಳೆಯುವಾಗ ನಾಲ್ವರೇ ಉಳಿಯುವುದನ್ನು ಕಂಡ ನನಗೆ ಈ ಶಿಸ್ತು ಹಿಡಿಸಿತು.

ವೀಸಾದ ಬಗ್ಗೆ: ಲಾಭಕ್ಕಾಗಿ ನಡೆಯದ ದತ್ತಿಸಂಸ್ಥೆಯಲ್ಲಿ, ಸಾಮಾನ್ಯವಾಗಿ ಸ್ವಯಂಸೇವಕರೇ ಮಾಡುವ ಕೆಲಸವನ್ನು ಪ್ರತಿಫಲವಿಲ್ಲದೆ ಮಾಡಲು ಅಡ್ಡಿಯಿಲ್ಲ, ಸಂಬಳ ಕೊಟ್ಟು ಮಾಡಿಸುವ ಹುದ್ದೆಯ ಕೆಲಸವನ್ನು ಪುಕ್ಕಟೆಯಾಗಿ ಮಾಡಬೇಡಿ, ಸಂದೇಹವಿದ್ದರೆ ವಕೀಲರನ್ನು ಕೇಳಿ. ಮಕ್ಕಳ ನಡುವೆ ಕೆಲಸವಾದರೆ ಪೆನ್ಸಿಲ್ವೇನಿಯಾದಲ್ಲಿ ಪೊಲೀಸ್ ದಾಖಲೆಯ ಪರಿಶೀಲನಾ ಪತ್ರಗಳು ಬೇಕಾಗುತ್ತವೆ. ಕೋಷರ್ ಎಂಬ ಯಹೂದಿ ಆಹಾರ ನಿಯಮವಿರುವ ಕಡೆಗೆ ಮನೆಯ ತಿಂಡಿ ಒಯ್ಯಬೇಡಿ, ಶನಿವಾರ ಅವರ ವಿಶ್ರಾಂತಿಯ ದಿನವಾದ್ದರಿಂದ ಅಂದು ಫೋನ್ ಮಾಡಬೇಡಿ. ಕೆಲವು ತಿಂಗಳಾದ ಮೇಲೆ, ಬ್ಯಾಂಕಿನ ಅನುಭವ ಹೇಳಿ, ಲೆಕ್ಕಪತ್ರದ ಸಮಿತಿಯಲ್ಲಿ ನೆರವಾಗಲೇ ಎಂದು ನೀವಾಗಿಯೇ ಕೇಳಿ. ಅಂಥ ಕೆಲಸಕ್ಕೆ ಮುಂದೆ ಬರುವವರು ಎಲ್ಲ ಸಂಘಗಳಲ್ಲಿಯೂ ಕಡಿಮೆ.